ಅತ್ತೆ ಬೀಳಲು ಕಲಿತದ್ದು

ನನ್ನ ಸೋದರತ್ತೆಯ ಊರು ಯಲಬುರ್ಗಾದಿಂದ ನಾಲ್ಕು ಹರದಾರಿ. ಮೂವತ್ತು ತುಂಬುವ ಮೊದಲೇ ಗಂಡ ತೀರಿಕೊಂಡಾಗ ಆಕೆ ಹೊಲವನ್ನು ಮೈದುನರ ಕೈಗೆ ಬಿಡಲಿಲ್ಲ. ತಾನೇ ನಿಂತು ಎರೆಹೊಲದಲ್ಲಿ ಹತ್ತಿ, ಜೋಳ ಬೆಳೆದು, ಇದ್ದ ಒಬ್ಬ ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ಆ ಮಗಳನ್ನು ಕೊಟ್ಟದ್ದು ಮುಂಬಯಿಯ ಹತ್ತಿ ಪೇಟೆಯಲ್ಲಿ ಗುಮಾಸ್ತನಾಗಿದ್ದ ಕುಷ್ಟಗಿ ಕಡೆಯ ವರನಿಗೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಾಗಿತ್ತು. ಆದರೆ ಆರನೆಯ ತಿಂಗಳಿಗೇ ಅವಳ ಕಾಲು ಬಾತುಕೊಂಡು, ಅಷ್ಟು ದೂರದ ರೈಲು ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದರು. ಮಗಳು ಬರಲಾರದಿದ್ದರೆ ತಾನೇ ಹೋಗುತ್ತೇನೆಂದು ಅತ್ತೆ ಹೊರಟು ನಿಂತಳು. ಆಕೆಗೆ ಓದಲು ಬರುತ್ತಿರಲಿಲ್ಲ. ನಾನು ಕೊಪ್ಪಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತು ಕನ್ನಡದ ಜೊತೆ ಉರ್ದು ಅಕ್ಷರಗಳನ್ನೂ ಓದುತ್ತಿದ್ದೆ. ಸ್ಟೇಷನ್ನಿನ ಹೆಸರು ಓದಲು ಒಬ್ಬರು ಬೇಕೆಂದು ನನ್ನನ್ನು ಜೊತೆಗೆ ಕಳಿಸಿದರು. ನನಗಾಗ ಹದಿನೇಳು ವರ್ಷ. ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷ ಇತ್ತು.

ಕಟಕರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಪುಡಿಯ ಗಂಟು ಕಟ್ಟಿಕೊಂಡು ಕೊಪ್ಪಳದಲ್ಲಿ ಗಾಡಿ ಹತ್ತಿದೆವು. ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿ ಸೇರುವಷ್ಟರಲ್ಲಿ ರೊಟ್ಟಿಯೆಲ್ಲ ಪುಡಿಯಾಗಿತ್ತು. ಗಿರಗಾಂವದ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ ಎರಡು ಕೋಣೆಯ ಮನೆ. ಅತ್ತೆಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗಿ ರೂಢಿಯಾದ ಮೈ. ನಲ್ಲಿಯ ನೀರು ತುಂಬಿಸಿ, ಅಡುಗೆ ಮುಗಿಸಿದ ಮೇಲೆ ಉದ್ದನೆಯ ಗ್ಯಾಲರಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದಾಡುತ್ತಿದ್ದಳು. "ಕಟ್ಟಿಹಾಕಿದ ಎತ್ತಿನಂಗ ಆಗೇನಿ ನೋಡವ್ವಾ" ಎನ್ನುತ್ತಿದ್ದಳು.

ಪಕ್ಕದ ಕೋಣೆಯಲ್ಲಿ ಒಬ್ಬ ಮರಾಠಿ ಶಿಕ್ಷಕಿ ಇದ್ದರು. ಹಿಂದಿನ ಓಣಿಯಲ್ಲಿದ್ದ ಹೆಣ್ಣುಮಕ್ಕಳ ವ್ಯಾಯಾಮಶಾಲೆಗೆ ಅವರು ವಾರಕ್ಕೆ ಎರಡು ಸಂಜೆ ಹೋಗುತ್ತಿದ್ದರು. ಜಪಾನಿನ ಹೆಂಗಸೊಬ್ಬಳು ಅಲ್ಲಿ ಜುಜುತ್ಸು ಕಲಿಸುತ್ತಾಳೆ, ಹೊಸಬರ ತರಗತಿ ಈಗಷ್ಟೇ ಶುರುವಾಗಿದೆ, ಬರುತ್ತೀಯಾ ಎಂದು ನನ್ನನ್ನು ಕೇಳಿದರು. ಜುಜುತ್ಸು ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ, ತನಗಿಂತ ದೊಡ್ಡ ಆಳನ್ನು ಕೆಡವುವ ಜಪಾನೀ ಕುಸ್ತಿ ಎಂದು ಅವರು ಬಿಡಿಸಿ ಹೇಳಿದರು. ನಾನು ಹೂಂ ಎಂದೆ. ಪರವೂರಿನಲ್ಲಿ ಪ್ರಾಯದ ಹುಡುಗಿಯನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಅತ್ತೆಯೂ ಸೆರಗು ಹೊದ್ದು ನನ್ನ ಹಿಂದೆ ಬಂದಳು.

ಅದು ಹೆಂಚು ಹೊದಿಸಿದ ಉದ್ದನೆಯ ಪಡಸಾಲೆ. ನೆಲಕ್ಕೆ ಹತ್ತಿಯ ಗಾದಿಗಳನ್ನು ಒತ್ತೊತ್ತಾಗಿ ಹಾಸಿ, ಮೇಲೆ ದಪ್ಪ ಬಟ್ಟೆ ಬಿಗಿದಿದ್ದರು. ಹತ್ತು ಹನ್ನೆರಡು ಹೆಣ್ಣುಮಕ್ಕಳು ಕಚ್ಚೆ ಹಾಕಿದ ಸೀರೆಯ ಮೇಲೆ ದಪ್ಪ ಅಂಗಿ ತೊಟ್ಟು ನಡುವಿಗೆ ಪಟ್ಟಿ ಕಟ್ಟಿದ್ದರು. ಕಲಿಸುವಾಕೆಯನ್ನು ಕಂಡು ನನಗೆ ನಂಬಿಕೆ ಬರಲಿಲ್ಲ. ನಲವತ್ತರ ಆಸುಪಾಸಿನ, ನನ್ನ ಭುಜದೆತ್ತರದ ಹೆಂಗಸು. ಕೂದಲನ್ನು ಗಟ್ಟಿಯಾಗಿ ತುರುಬು ಕಟ್ಟಿದ್ದಳು. ಅವಳ ಗಂಡ ಹತ್ತಿ ಕೊಳ್ಳುವ ಜಪಾನೀ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ತನ್ನ ದೇಶದಲ್ಲಿ ತಂದೆಯಿಂದ ಕಲಿತ ವಿದ್ಯೆಯನ್ನು ಆಕೆ ಇಲ್ಲಿ ತಾನಾಗಿ ಬಂದು ಕಲಿಸುತ್ತಿದ್ದಳಂತೆ. ಪೇಟೆಯಲ್ಲಿ ಕಲಿತ ಮುರುಕು ಹಿಂದುಸ್ತಾನಿಯಲ್ಲಿ ಮಾತನಾಡುತ್ತಿದ್ದಳು.

ಹೊಸಬರಿಗೆ ಮೊದಲ ಪಾಠ ಬೀಳುವುದು. ಗದ್ದವನ್ನು ಎದೆಗೆ ಒತ್ತಿ, ಕಣ್ಣನ್ನು ನಡುಪಟ್ಟಿಯ ಗಂಟಿನ ಮೇಲಿಟ್ಟು, ಕುಕ್ಕುರುಗಾಲಿನಿಂದ ಹಿಂದಕ್ಕೆ ಉರುಳಬೇಕು. ಬೆನ್ನು ನೆಲಕ್ಕೆ ತಾಗುವ ಗಳಿಗೆಗೆ ಎರಡೂ ತೋಳುಗಳಿಂದ ಗಾದಿಯನ್ನು ಪಟ್ಟೆಂದು ಬಡಿಯಬೇಕು. ಆಗ ಪೆಟ್ಟು ತೋಳಿಗೆ ಹಂಚಿಹೋಗಿ ತಲೆ ಉಳಿಯುತ್ತದೆ. ನೋಡಲು ಸಲೀಸು. ಆದರೆ ನನ್ನ ಸರದಿ ಬಂದಾಗ ಹೆದರಿ ಕೈಯನ್ನು ಹಿಂದಕ್ಕೆ ಊರಿಬಿಟ್ಟೆ. ಮಣಿಕಟ್ಟು ಉಳುಕಿತು. ಇನ್ನೊಮ್ಮೆ ಮಾಡಿದಾಗ ಹಿಂದಲೆ ಗಾದಿಗೆ ಬಡಿದು ಕಣ್ಣು ಕತ್ತಲೆ ಬಂತು.

ಗೋಡೆಗೆ ಒರಗಿ ಕುಳಿತಿದ್ದ ಅತ್ತೆ ಗಟ್ಟಿಯಾಗಿ ನಕ್ಕಳು. "ಬೀಳಾಕ ಯಾರರ ಸಾಲಿಗೆ ಬರ್ತಾರೇನು? ಕೆಸರಾಗ ಕಾಲಿಟ್ರ ತಾನ ಬರ್ತೈತಿ."

ಎಲ್ಲರೂ ತಿರುಗಿ ನೋಡಿದರು. ಆ ಅಮ್ಮ ಏನು ಹೇಳಿದರು ಎಂದು ಕಲಿಸುವಾಕೆ ನನ್ನನ್ನು ಕೇಳಿದಳು. ಮುಚ್ಚಿಡಲು ಗೊತ್ತಾಗದೆ ನನ್ನ ಶಾಲೆಯ ಉರ್ದುವಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆಕೆ ನಗಲೂ ಇಲ್ಲ, ಮುಖ ಗಂಟಿಕ್ಕಲೂ ಇಲ್ಲ. ಅತ್ತೆ ಕುಳಿತಲ್ಲಿಗೆ ನಡೆದು, ಎರಡೂ ಕೈಗಳನ್ನು ತೊಡೆಗೆ ಹಚ್ಚಿ, ನಡು ಬಗ್ಗಿಸಿ ನಮಸ್ಕಾರ ಮಾಡಿದಳು. ಆಮೇಲೆ ಗಾದಿಯ ಕಡೆ ಕೈ ತೋರಿಸಿದಳು.

"ಏನಂತಾಳ?" ಎಂದು ಅತ್ತೆ ನನ್ನನ್ನು ಕೇಳಿದಳು.

"ನೀನೂ ಬಂದು ಬಿದ್ದು ತೋರಸಬೇಕಂತ, ಅತ್ತಿ."

ಅತ್ತೆಗೆ ಆಗ ನಲವತ್ತೆಂಟು ವರ್ಷ. ಊರಲ್ಲಾದರೆ ಗಂಡ ಸತ್ತ ಹೆಂಗಸು ಹಬ್ಬದಲ್ಲಿ ಜೋಕಾಲಿಯನ್ನೂ ಹತ್ತುತ್ತಿರಲಿಲ್ಲ. ಬೈದು ನನ್ನನ್ನು ಎಳೆದುಕೊಂಡು ಮನೆಗೆ ಹೋಗುತ್ತಾಳೆಂದೇ ನಾನು ತಿಳಿದೆ. ಆಕೆ ಸ್ವಲ್ಪ ಹೊತ್ತು ಆ ಪುಟ್ಟ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದಳು. ಎದ್ದು ನಿಂತು, ಹೊಲಕ್ಕೆ ಇಳಿಯುವಾಗ ಮಾಡುವಂತೆ ಇಳಕಲ್ ಸೀರೆಯ ಕಚ್ಚೆಯನ್ನು ಬಿಗಿಯಾಗಿ ಸಿಕ್ಕಿಸಿ ಗಾದಿಯ ಮೇಲೆ ಕಾಲಿಟ್ಟಳು. ಯಾರೋ ಕೊಟ್ಟ ದಪ್ಪ ಅಂಗಿಯನ್ನು ತೊಟ್ಟು, "ಜಮಖಾನಿ ಹೊತ್ತಂಗ ಐತಿ" ಎಂದಳು.

ಬೀಳುವ ರೀತಿಯನ್ನು ಹೇಳಿಕೊಟ್ಟು, ನಾಲ್ಕಾರು ಸಲ ಕುಳಿತಲ್ಲಿಂದ ಉರುಳಿಸಿದ ಮೇಲೆ ಕಲಿಸುವಾಕೆ ಅತ್ತೆಯ ತೋಳು ಮತ್ತು ಕೊರಳಪಟ್ಟಿ ಹಿಡಿದು ಎದುರಿಗೆ ನಿಂತಳು. ಒಂದು ಹೆಜ್ಜೆ ಒಳಕ್ಕೆ ಬಂದು ತಿರುಗಿ, ಸೊಂಟವನ್ನು ತಗ್ಗಿಸಿದಳು. ಗೋಧಿಯ ಚೀಲದಂತಿದ್ದ ನನ್ನ ಅತ್ತೆ ಅವಳ ಬೆನ್ನಿನ ಮೇಲಿಂದ ಹಾಯ್ದು ಗಾದಿಗೆ ಬಿದ್ದಳು. ನಾನು ಓಡಿಹೋದೆ. ಅತ್ತೆ ತೊಲೆ ನೋಡುತ್ತ ಮಲಗಿದ್ದಳು. ಕೆಡವಿದಾಕೆ ಆಕೆಯ ಒಂದು ತೋಳನ್ನು ಕೊನೆತನಕ ಬಿಡದೆ ಮೇಲಕ್ಕೆ ಎಳೆದು ಹಿಡಿದಿದ್ದಳು. ಹಾಗೆ ಹಿಡಿದದ್ದರಿಂದಲೇ ಪೆಟ್ಟಾಗಿರಲಿಲ್ಲ.

"ಪೆಟ್ಟಾತೇನತ್ತಿ?"

"ಇಲ್ಲ. ಸುಮ್ನಿರು." ಅತ್ತೆ ಎದ್ದು ಕುಳಿತು ಸೆರಗು ಸರಿಮಾಡಿಕೊಂಡಳು. ಆಮೇಲೆ ಕಲಿಸುವಾಕೆಯನ್ನೇ ನೋಡಿ, ಹೊಲದ ಕಾಗದಪತ್ರಕ್ಕಾಗಿ ನಿಜಾಮನ ಕಚೇರಿಗಳಲ್ಲಿ ಅಲೆದು ಕಲಿತಿದ್ದ ತನ್ನ ಉರ್ದುವಿನಲ್ಲಿ "ಫಿರ್ ಏಕ್ ಬಾರ್" ಎಂದಳು. ಇನ್ನೊಂದು ಸಲ.

ಅಂದಿನಿಂದ ಸುಮಾರು ಎರಡು ತಿಂಗಳು ನಾವಿಬ್ಬರೂ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ನಾನು ನಿಧಾನ. ಹಿಂದಕ್ಕೆ ಬೀಳುವುದು ಬರಲು ನನಗೆ ಮೂರು ವಾರ ಹಿಡಿಯಿತು. ಅತ್ತೆ ಬೇಗ ಕಲಿತಳು. ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತು ಕೆರೆಯ ಏರಿ ಇಳಿದವಳಿಗೆ ಕಾಲು ಎಲ್ಲಿ ಊರಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಲಿಸುವಾಕೆ ಒಂದು ದಿನ ಉಳಿದವರನ್ನೆಲ್ಲ ಕುಳ್ಳಿರಿಸಿ, ಅತ್ತೆಯನ್ನು ಆಚೀಚೆ ನಡೆಸಿ, ಆ ಪಾದಗಳನ್ನು ನೋಡಿರಿ ಎಂದಳು. ಅತ್ತೆ ನಾಚಿ ಸೀರೆಯನ್ನು ಕಾಲಿನ ಮೇಲೆ ಎಳೆದುಕೊಂಡಳು.

ಅವರಿಬ್ಬರ ಮಾತುಕತೆಯನ್ನು ಕೇಳುವುದೇ ನನಗೊಂದು ಸಂತೋಷ. ಇಬ್ಬರದೂ ಬೇರೆ ಬೇರೆ ಹರಕು ಹಿಂದುಸ್ತಾನಿ. ತಿಳಿಯದಲ್ಲಿ ಕೈಸನ್ನೆ. ಒಮ್ಮೆ ಅತ್ತೆ ಗಾದಿಯ ಹರಿದ ಮೂಲೆಯಿಂದ ಒಂದಿಷ್ಟು ಹತ್ತಿ ಎಳೆದು, ಬೆರಳಲ್ಲಿ ಹಿಂಜಿ ನೋಡಿ, "ಇದು ನಮ್ಮ ಕಡೀ ಜವಾರಿ ಹತ್ತಿ ಅಲ್ಲ. ಎಳಿ ಗಿಡ್ಡ, ಗಂಟು ಕಟ್ಟೇತಿ" ಎಂದಳು. ಆಕೆಯೂ ಒಂದು ಎಳೆಯನ್ನು ಎರಡೂ ಕೈಗಳ ನಡುವೆ ಜಗ್ಗಿ ನೋಡಿ, ಹೌದೆಂದು ತಲೆಯಾಡಿಸಿದಳು. ಗಂಡನಿಂದ ಕಲಿತದ್ದಂತೆ. ಮರುದಿನ ಬೆಳಿಗ್ಗೆ ಅತ್ತೆ ವ್ಯಾಯಾಮಶಾಲೆಗೆ ಹೋಗಿ, ಗಾದಿಗಳನ್ನೆಲ್ಲ ಬಿಚ್ಚಿಸಿ ಅಂಗಳದ ಬಿಸಿಲಿಗೆ ಹರವಿದಳು. ಬಡಿಗೆಯಿಂದ ಬಡಿದು, ಗಂಟು ಬಿಡಿಸಿ, ಮತ್ತೆ ತುಂಬಿ, ದಬ್ಬಣದಿಂದ ಹೊಲಿದಳು. ನಾನೂ ಮರಾಠಿ ಶಿಕ್ಷಕಿಯೂ ಕೈ ಹಚ್ಚಿದೆವು. ಮೂರು ದಿನದ ಕೆಲಸ. ಮುಂದಿನ ತರಗತಿಯ ಸಂಜೆ ಬಂದ ಜಪಾನೀ ಹೆಂಗಸು ಪಾದರಕ್ಷೆ ಕಳಚಿ ಗಾದಿಯ ಮೇಲೆ ಕಾಲಿಟ್ಟವಳು ಹಾಗೆಯೇ ನಿಂತಳು. ಮೊಣಕಾಲೂರಿ, ಅಂಗೈಯಿಂದ ಒತ್ತಿ ನೋಡಿದಳು. ಅತ್ತೆಗೆ ಹಣೆ ಗಾದಿಗೆ ತಾಗುವಂತೆ ಬಾಗಿದಳು. ಅತ್ತೆ ಗಾಬರಿಯಾಗಿ ತಾನೂ ಹಾಗೆಯೇ ಬಾಗಿದಳು. ಇಬ್ಬರಲ್ಲಿ ಯಾರು ಮೊದಲು ಏಳಬೇಕೆಂದು ಗೊತ್ತಾಗದೆ ಎಷ್ಟೋ ಹೊತ್ತು ಹಾಗೇ ಇದ್ದರು.

ಐದನೆಯ ವಾರವೋ ಆರನೆಯದೋ, ಅತ್ತೆ ಕಲಿಸುವಾಕೆಯನ್ನೇ ಕೆಡವಿದಳು. ಕಲಿಯಲೆಂದು ಆಕೆ ಬೇಕೆಂದೇ ಸಡಿಲ ಬಿಟ್ಟಿದ್ದಳೋ ನಾನು ಹೇಳಲಾರೆ. ಬಿದ್ದ ಸಪ್ಪಳ ಮಾತ್ರ ಜೋರಾಗಿಯೇ ಆಯಿತು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ಯವ್ವಾ, ಏನ್ ಮಾಡಿದ್ನಿ" ಎನ್ನುತ್ತ ಎತ್ತಲು ಬಾಗಿದಳು. ಆಕೆ ಕೈಯಾಡಿಸಿ ಬೇಡವೆಂದು, ತಾನೇ ಎದ್ದು, ಸಡಿಲಾದ ತುರುಬು ಕಟ್ಟಿ, ನೆಟ್ಟಗೆ ನಿಂತು ವಂದಿಸಿದಳು. ಅವಳ ಮುಖದಲ್ಲಿ ನಾನು ಕಂಡ ಸಂತೋಷ, ಬಿದ್ದವರ ಮುಖದಲ್ಲಿ ಕಾಣುವಂಥದಲ್ಲ. ನಮ್ಮ ಊರುಗಳ ಗರಡಿಯಲ್ಲಿ ಬೆನ್ನು ಮಣ್ಣು ಮುಟ್ಟಿದ ಪೈಲ್ವಾನ ತಿಂಗಳುಗಟ್ಟಲೆ ಎದುರಾಳಿಯ ಮುಖ ನೋಡದೆ ತಿರುಗುವುದನ್ನು ಬಲ್ಲ ನನಗೆ ಅದು ತೀರ ಹೊಸದು.

ಈ ಸುದ್ದಿ ಕೊನೆಗೆ ಅತ್ತೆಯ ಅಳಿಯನ ಕಿವಿಗೂ ಬಿತ್ತು. ಅಲ್ಲಿಯವರೆಗೆ ನಾವು ದೇವಸ್ಥಾನಕ್ಕೆ ಹೋಗುತ್ತೇವೆಂದು ಆತ ತಿಳಿದಿದ್ದ. ನಾವೇನೂ ಸುಳ್ಳು ಹೇಳಿರಲಿಲ್ಲ. ಆತ ಕೇಳಿರಲೂ ಇಲ್ಲ. ನಮ್ಮಲ್ಲಿ ಅತ್ತೆ ಅಳಿಯ ನೇರವಾಗಿ ಮಾತನಾಡುವ ಪದ್ಧತಿ ಇರಲಿಲ್ಲ. ಊಟಕ್ಕೆ ಕುಳಿತ ಆತ ತನ್ನ ಹೆಂಡತಿಗೆ ಹೇಳಿದ, "ನಿಮ್ಮವ್ವಗ ಹೇಳು, ಇದು ಛಲೋ ಕಾಣಂಗಿಲ್ಲ. ನಾಳೆ ಊರಾಗ ಗೊತ್ತಾದ್ರ ನಾಕು ಮಂದಿ ನನಗ ಕೇಳ್ತಾರ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅಲ್ಲಿಂದಲೇ ಮಗಳಿಗೆ ಹೇಳಿದಳು. "ಅವರಿಗೆ ಹೇಳವ್ವಾ, ನಾಕು ಮಂದಿ ಕೇಳಿದ್ರ ನನ್ನ ಕಡೆ ಕಳಸ್ರಿ ಅಂತ. ನಾ ಅವರಿಗೆ ಬಗೀಹರಿಸಿ ಹೇಳ್ತೀನಿ."

ಹೆಂಡತಿ ನಕ್ಕಳು. ಆತನಿಗೂ ನಗು ತಡೆಯಲಾಗಲಿಲ್ಲ. ತಲೆ ತಗ್ಗಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಆ ಮಾತನ್ನು ಮತ್ತೆ ಎತ್ತಲಿಲ್ಲ. ಒಳ್ಳೆಯ ಮನುಷ್ಯ.

ಹೆಣ್ಣು ಮಗು ಹುಟ್ಟಿತು. ಬಾಣಂತನದಲ್ಲಿ ಅತ್ತೆಗೆ ಕೈತುಂಬ ಕೆಲಸವಾಗಿ ತರಗತಿ ನಿಂತಿತು. ತೊಟ್ಟಿಲಿಗೆ ಹಾಕುವ ದಿನ ಜಪಾನೀ ಹೆಂಗಸು ತಾನೇ ಹುಡುಕಿಕೊಂಡು ಮೂರು ಮಾಳಿಗೆ ಹತ್ತಿ ಬಂದಳು. ಕಾಗದವನ್ನು ಮಡಿಸಿ ಮಾಡಿದ ಬಿಳಿ ಕೊಕ್ಕರೆಗಳನ್ನು ದಾರಕ್ಕೆ ಪೋಣಿಸಿ ತಂದಿದ್ದಳು. ಅವನ್ನು ತೊಟ್ಟಿಲ ಮೇಲೆ ಕಟ್ಟಿದೆವು. ಆಕೆಗೆ ಮಕ್ಕಳಿರಲಿಲ್ಲವೆಂದು ಅಂದೇ ನಮಗೆ ಗೊತ್ತಾದದ್ದು. ಅತ್ತೆ ಮಗುವನ್ನು ಅವಳ ತೊಡೆಯ ಮೇಲೆ ಇಟ್ಟಳು. ಹೊರಡುವಾಗ ಅವಳ ಉಡಿಯಲ್ಲಿ ಅಕ್ಕಿ, ಉತ್ತತ್ತಿ, ಕುಬಸದ ಖಣ ಹಾಕಿಸಿದಳು. ಗಂಡ ಸತ್ತವರು ಉಡಿ ತುಂಬಬಾರದೆಂದು ಮಗಳ ಕೈಯಿಂದ ಮಾಡಿಸಿದಳು.

ಊರಿಗೆ ಬಂದ ಮೇಲೆ, ಆ ವರ್ಷದ ಹತ್ತಿ ಬಿಡಿಸುವ ಕಾಲಕ್ಕೆ ನಾನು ಅತ್ತೆಯ ಮನೆಗೆ ಹೋಗಿದ್ದೆ. ಹತ್ತಿ ತುಂಬಿದ ಕೋಣೆಯಿಂದ ಪಟ್, ಪಟ್ ಸಪ್ಪಳ ಬರುತ್ತಿತ್ತು. ಒಳಗೆ ಹತ್ತಿ ಬಿಡಿಸಲು ಬರುವ ಹೆಣ್ಣಾಳುಗಳು ಐದಾರು ಜನ, ಅತ್ತೆಯ ಮುಂದೆ ಸಾಲಾಗಿ ಕುಕ್ಕುರುಗಾಲಲ್ಲಿ ಕುಳಿತಿದ್ದರು. "ಗದ್ದ ಎದಿಗೆ ಹಚ್ಚರಿ. ಮ್ಯಾಲ ನೋಡಬ್ಯಾಡ್ರಿ" ಎಂದು ಅತ್ತೆ ಹೇಳುತ್ತಿದ್ದಳು. ಪ್ರತಿ ಸುತ್ತಿಗೂ ಮುನ್ನ ಅವರೆಲ್ಲರಿಗೂ ಆಕೆ ನಡು ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದುದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು. ಹೊಲದ ಒಡತಿ ಆಳುಗಳಿಗೆ ಬಾಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅವರೂ ನಗುತ್ತಲೇ, ಆದರೆ ತಪ್ಪದೆ, ತಿರುಗಿ ಬಾಗುತ್ತಿದ್ದರು.

ಜಪಾನು ಯುದ್ಧಕ್ಕೆ ಇಳಿದ ಮೇಲೆ ಮುಂಬಯಿಯಿಂದ ಅಳಿಯನ ಕಾಗದ ಬಂತು. ಅಲ್ಲಿದ್ದ ಜಪಾನಿಯರನ್ನೆಲ್ಲ ಸರಕಾರದವರು ಹಿಡಿದು ಉತ್ತರದ ಕಡೆ ಎಲ್ಲಿಗೋ ಒಯ್ದರಂತೆ. ಆ ಗಂಡಹೆಂಡತಿಯೂ ಅವರಲ್ಲಿ ಇದ್ದರಂತೆ. ಕಾಗದವನ್ನು ನಾನೇ ಓದಿ ಹೇಳಿದೆ. ಅತ್ತೆ, "ಆಕಿ ಯಾರಿಗೇನು ಮಾಡ್ಯಾಳ?" ಎಂದಳು. ಆಮೇಲೆ, "ಬಯಲಾಗ ಇಟ್ಟಿದ್ರ ಥಂಡಿ ಭಾಳ ಇರಬೇಕು" ಎಂದಳು. ಆಕೆಯ ಸುದ್ದಿ ನಮಗೆ ಮತ್ತೆ ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಮರಾಠಿ ಶಿಕ್ಷಕಿಗೆ ಎರಡು ಸಲ ಕಾಗದ ಬರೆದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಮದುವೆ ಗಂಗಾವತಿಗೆ ಆಗಿತ್ತು. ಅಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಒಮ್ಮೆ ಅತ್ತೆ ಬಂದಾಗ ಚಕ್ಕಡಿ ಕಟ್ಟಿಸಿ ಹೇಮಗುಡ್ಡದ ದುರ್ಗವ್ವನಿಗೆ ಕರೆದುಕೊಂಡು ಹೋದೆ. ದರ್ಶನ ಮುಗಿಸಿ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. "ಅವತ್ತ ಮುಂಬೈದಾಗ ನೀ ಹ್ಯಾಂಗ ಎದ್ದು ಹೋದಿ, ಅತ್ತಿ? ನಾ ಬೈತೀ ಅನಕೊಂಡಿದ್ದೆ."

ಅತ್ತೆ ರೊಟ್ಟಿ ಮುರಿಯುತ್ತ ಸ್ವಲ್ಪ ಯೋಚಿಸಿದಳು. "ಒಂಬತ್ತ ವರ್ಷದಾಕಿ ಇದ್ದಾಗ ನನ್ನ ಲಗ್ನ ಆತು. ಅಂದಿನಿಂದ ಯಾರೂ ನನ್ನ ಆಟಕ್ಕ ಕರದಿದ್ದಿಲ್ಲ ನೋಡು. ಆಕಿ ಕರದ್ಲು, ಹೋದ್ನಿ."

ಅತ್ತೆ ನನ್ನ ತಟ್ಟೆಗೆ ಇನ್ನಷ್ಟು ಮೊಸರು ಹಾಕಿ, ಬಿಸಿಲು ಏರುವುದರೊಳಗೆ ಉಣ್ಣಬೇಕೆಂದು ಅವಸರ ಮಾಡಿದಳು.