ಹಿಂದೆ ಪದ ಹೇಳಿದ ಟ್ರ್ಯಾಕ್ಟರ್

ಮುಟ್ಟಳ್ಳಿಯ ಚೌಡಮ್ಮನಿಗೆ ಓದು ಬರಹ ಬರುವುದಿಲ್ಲ. ಕೇಳಿದ ದನಿಯನ್ನು ಇದ್ದ ಹಾಗೆಯೇ ಬಾಯಲ್ಲಿ ಮಾಡಿ ತೋರಿಸಲು ಬರುತ್ತದೆ. ಮದುವೆ ಮನೆಗಳಲ್ಲಿ ಹಾಡಿನ ಪದ ಹೇಳಿ ಪಳಗಿದ ಬಾಯಿ ಅದು. ಬಾವಿಯ ಗಡಗಡೆ, ಮರಿ ಹಾಕಿದ ನಾಯಿ, ಗುಡ್ಡದಾಚೆ ಹೋಗುವ ರೈಲು, ಯಾವುದೂ ಅವಳಿಗೆ ಕಷ್ಟವಲ್ಲ.

ಮಗ ಮಂಜು ಒಂದು ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡು ಊರವರ ಗದ್ದೆ ಹೂಡುತ್ತಾನೆ, ತೆಂಗಿನಕಾಯಿ ಮತ್ತು ಮನೆ ಕಟ್ಟುವ ಚಿರೇಕಲ್ಲು ಸಾಗಿಸುತ್ತಾನೆ. ಅದು ಕೆಟ್ಟರೆ ಕುಮಟಾದ ಮೆಕ್ಯಾನಿಕ್ ಉದಯನಿಗೆ ಫೋನ್ ಹೋಗುತ್ತದೆ. "ಎಂತದೋ ಕಟಕಟ ಅಂತದೆ" ಎನ್ನುವುದರ ಆಚೆ ಮಂಜುವಿನ ವರ್ಣನೆ ಮುಂದುವರಿಯದು. "ಅವ್ವಿ ಹತ್ರ ಕೊಡು ಮಾರಾಯ" ಎನ್ನುತ್ತಾನೆ ಉದಯ. ಚೌಡಮ್ಮ ಆ ಸದ್ದನ್ನೇ ಮಾಡುತ್ತಾಳೆ. ಅದು ಎಂಜಿನ್ ಜೊತೆ ಏರುತ್ತದೋ ಗಾಲಿಯ ಜೊತೆಗೋ, ಕ್ಲಚ್ ಒತ್ತಿದರೆ ನಿಲ್ಲುತ್ತದೋ ಇಲ್ಲವೋ, ಎಲ್ಲವೂ ಅವಳ ಉಸಿರಿನಲ್ಲಿ ತಿಳಿಯುತ್ತದೆ. ಉದಯ ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾನೆ. "ಟ್ರ್ಯಾಕ್ಟರಿಗೆ ಹಾಕ್ದಾಗ ಅವ್ವಿ ಬಾಯಿಗೂ ಚೂರು ಗ್ರೀಸ್ ಹಾಕು" ಎಂದು ಮಂಜುವನ್ನು ಕೆಣಕುತ್ತಾನೆ.

ಪದವನ್ನು ಒಬ್ಬಳೇ ಹೇಳುವ ಪದ್ಧತಿಯಿಲ್ಲ. ಒಬ್ಬಳು ಮುಂದೆ ಹೇಳಿದ ಸೊಲ್ಲನ್ನು ಇನ್ನೊಬ್ಬಳು ಹಿಂದೆ ಹೇಳಬೇಕು. ಚೌಡಮ್ಮನ ಹಿಂದೆ ಹೇಳುತ್ತಿದ್ದವಳು ಪಕ್ಕದ ಮನೆಯ ಗಣಪಿ. ಅವಳ ದನಿ ಸಣ್ಣದು. ಸೊಲ್ಲು ಮುಗಿದಾಗ ನಾಲಿಗೆಯಿಂದ 'ಟಕ್' ಎಂದು ಸದ್ದು ಮಾಡುವುದು ಅವಳ ಚಾಳಿ. ಮೊದಮೊದಲು ಚೌಡಮ್ಮ ಬೈದಿದ್ದಳು. ಆಮೇಲೆ ಆ ಟಕ್ ಕೇಳದೆ ಮುಂದಿನ ಸೊಲ್ಲು ಎತ್ತಲು ಅವಳಿಗೇ ಆಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಗಣಪಿಗೆ ಎದೆನೋವು ಬಂತು. ಹಳ್ಳ ಉಕ್ಕಿದ್ದರಿಂದ ರಿಕ್ಷಾ ಬರಲಿಲ್ಲ. ಮಂಜು ಅವಳನ್ನು ಟ್ರೇಲರಿನಲ್ಲಿ ಮಲಗಿಸಿಕೊಂಡು ಭಟ್ಕಳದ ಆಸ್ಪತ್ರೆಗೆ ಹೊರಟ. ತಾಡಪತ್ರೆಯ ಕೆಳಗೆ ಕುಳಿತ ಚೌಡಮ್ಮ, ಅವಳಿಗೆ ಎಚ್ಚರ ತಪ್ಪದಿರಲಿ ಎಂದು ಕಿವಿಯಲ್ಲಿ ಪದ ಹೇಳುತ್ತಿದ್ದಳು. ಗಣಪಿ ಹಿಂದೆ ಹೇಳುತ್ತಿದ್ದಳು. ಒಂದು ಸೊಲ್ಲಿನ ನಡುವೆ ನಿಲ್ಲಿಸಿದಳು. ಅಷ್ಟೇ.

ಮಳೆ ಮುಗಿದು ಕಾಯಿಯ ಲೋಡು ಶುರುವಾದಾಗ ಟ್ರ್ಯಾಕ್ಟರಿನಲ್ಲಿ ಹೊಸದೊಂದು ಸದ್ದು ಕೇಳಿಸಿತು. ಗೇರಿನ 'ಊಂ' ಎಂಬ ದಪ್ಪ ದನಿಯ ಬೆನ್ನಿಗೆ ಸಣ್ಣದಾಗಿ ಇನ್ನೊಂದು 'ಊಂ', ಕೊನೆಗೆ 'ಟಕ್'. ಕಾಯಿಯ ರಾಶಿಯ ಮೇಲೆ ಕುಳಿತಿದ್ದ ಚೌಡಮ್ಮನ ಕೈಯ ರೋಮ ನಿಮಿರಿತು. ಅವಳು ಮೆಲ್ಲಗೆ ಒಂದು ಸೊಲ್ಲು ಹೇಳಿದಳು. ಅದರ ಬೆನ್ನಿಗೇ ಉತ್ತರ ಬಂತು.

ಅಂದಿನಿಂದ ಲೋಡು ಇದ್ದಾಗಲೆಲ್ಲ ಅವಳು ಟ್ರೇಲರ್ ಹತ್ತತೊಡಗಿದಳು. ಮಂಜು ಉದಯನಿಗೆ ಫೋನ್ ಹಚ್ಚಿ ಕೊಟ್ಟಾಗ ಬೇರೆಯೇ ಸದ್ದು ಮಾಡಿದಳು: ಕ್ಲಚ್ ಒತ್ತಿದಾಗ ಬರುವ ಕಿರ್ರೆನ್ನುವ ಸದ್ದು. ಲೋಡಿಲ್ಲದೆ ಓಡಿಸಿದರೆ ಯಾವ ಸದ್ದೂ ಬರುತ್ತಿರಲಿಲ್ಲವಾದ್ದರಿಂದ ಉದಯ ಅವಳ ಬಾಯನ್ನೇ ನಂಬಿ ಕ್ಲಚ್ ಬೇರಿಂಗ್ ಬದಲಿಸಿದ. ಕೆಡದ ಬೇರಿಂಗ್ ಹೋಯಿತು, ಸದ್ದು ಉಳಿಯಿತು. ಮಂಜು ಅದಕ್ಕೆ ಒಗ್ಗಿಕೊಂಡ.

ಒಂದು ಸಂಜೆ ಲೋಡು ತರುವಾಗ ಆ ಸದ್ದು ನಿಂತಿತು.

ಮರುದಿನ ಬೆಳಿಗ್ಗೆ ಮಂಜು ಗುಡ್ಡದ ಮೇಲಿನಿಂದ ಚಿರೇಕಲ್ಲು ಇಳಿಸಲು ಹೊರಟಾಗ ಚೌಡಮ್ಮ ಚಾವಿ ಕಿತ್ತುಕೊಂಡಳು.

"ಕೊಡು ಅವ್ವಿ. ಸದ್ದೇ ಹೋಯ್ತಲ್ಲ!"

"ಹೋದ್ದಕ್ಕೇ ಕೊಡೂದಿಲ್ಲ."

"ಎಲ್ಲಾರೂ ಸದ್ದು ಬಂದ್ರೆ ಹೆದರ್ತಾರೆ. ನೀ ಸದ್ದು ಹೋದ್ರೆ ಹೆದರ್ತೆ."

"ಗಣಪಿ ಪದ ನಡುವೆ ಬಿಟ್ಟದ್ದು ಒಂದೇ ಸಲ. ಉದಯಂಗೆ ಫೋನ್ ಹಚ್ಚು."

ಮಂಜು ಫೋನ್ ಕೊಟ್ಟು ಅಂಗಳದ ತುದಿಯಲ್ಲಿ ಕೈಕಟ್ಟಿ ನಿಂತ.

"ತಮಾ, ಅವತ್ತು ನಾ ಮಾಡಿ ತೋರ್ಸಿದ್ದು ಸುಳ್ಳು ಸದ್ದು."

"ಎಂತ?"

"ಸುಳ್ಳು. ಖರೇದು ಈಗ ಕೇಳು."

ಅವಳು ಮಾಡಿದಳು.

"ಅಮಾ, ಒಬ್ರೇ ಹೇಳಿ. ಇಬ್ರು ಒಟ್ಟಿಗೆ ಹೇಳಿದ್ರೆ ನಂಗೆ ತಿಳಿಯೂದಿಲ್ಲ."

ಚೌಡಮ್ಮ ಹಿಂದೆ ತಿರುಗಿದಳು. ಜಗಲಿ ಖಾಲಿಯಾಗಿತ್ತು. ಹಗ್ಗದ ಮೇಲೆ ಒಣಗಲು ಹಾಕಿದ ಸೀರೆ ಅಲುಗಾಡುತ್ತಿರಲಿಲ್ಲ. ಅವಳು ಇನ್ನೊಮ್ಮೆ ಸದ್ದು ಮಾಡಿದಳು.

"ಎಂಜಿನ್ ರೇಸ್ ಮಾಡಿದ್ರೆ ಬದಲಾಗ್ತಿತ್ತಾ?"

"ಇಲ್ಲ. ಗಾಲಿ ಓಡಿದ ಹಾಂಗೆ."

"ಈಗ ನಿಂತದೆ?"

"ನಿನ್ನೆಯಿಂದ."

"ಸ್ಟಾರ್ಟ್ ಮಾಡೂದೇ ಬೇಡ. ನಾ ಬತ್ತೆ."

ಉದಯ ಬಂದು ಹಿಂಭಾಗದ ಎಣ್ಣೆ ಇಳಿಸಿದ. ಎಣ್ಣೆಯಲ್ಲಿ ಮೀನಿನ ಹುರುಪೆಯಂತೆ ಕಬ್ಬಿಣದ ಚೂರುಗಳು ಹೊಳೆಯುತ್ತಿದ್ದವು. ಬಿಚ್ಚಿ ನೋಡಿದರೆ, ಹಿಂದಿನ ಗಾಲಿಗಳನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರದ ಬೋಲ್ಟುಗಳು ಸಡಿಲಾಗಿದ್ದವು. ಒಂದರ ತಲೆ ಮುರಿದು ತಳದಲ್ಲಿ ಬಿದ್ದಿತ್ತು. ಲೋಡು ಬಿದ್ದಾಗ ಚಕ್ರ ವಾಲಿ, ಸಡಿಲಾದ ಆ ತಲೆ ಪಕ್ಕಕ್ಕೆ ಉಜ್ಜಿ ಊಂಗುಟ್ಟುತ್ತಿತ್ತು. ಸುತ್ತಿಗೊಮ್ಮೆ ಬಲವಾಗಿ ತಾಗಿ ಟಕ್ಕೆನ್ನುತ್ತಿತ್ತು. ಮುರಿದ ಮೇಲೆ ತಾಗಲು ಏನೂ ಉಳಿದಿರಲಿಲ್ಲ. ಇಳಿಜಾರಿನಲ್ಲಿ ಆ ತುಂಡು ಉರುಳಿ ಹಲ್ಲಿಗೆ ಸಿಕ್ಕಿದ್ದರೆ ಗಾಲಿಗಳು ಬಿಗಿದು, ಹಿಂದಿನ ಕಲ್ಲಿನ ಭಾರ ಟ್ರ್ಯಾಕ್ಟರನ್ನೂ ಮಂಜುವನ್ನೂ ನೂಕಿಬಿಡುತ್ತಿತ್ತು.

ಮಂಜು ಮುರಿದ ತುಂಡನ್ನು ನೋಡುತ್ತ ಕುಳಿತ. "ಆಗ್ಲೇ ಖರೇ ಯಾಕೆ ಹೇಳ್ಲಿಲ್ಲ ಅವ್ವಿ?"

"ಹೇಳಿದ್ರೆ ಇವ ರಿಪೇರಿ ಮಾಡ್ತಿದ್ದ. ಗಣಪಿ ಹೋಗ್ತಿದ್ಲು."

"ನಾ ಹೋದ್ರೆ ಅಡ್ಡಿಲ್ಲ?"

"ಅಡ್ಡಿ ಇದ್ದದ್ದಕ್ಕೇ ಹೇಳಿದ್ದಲ್ವಾ?"

ಉದಯ ನಗಲಿಲ್ಲ. ಕೈ ಒರೆಸಿಕೊಳ್ಳುತ್ತ ಮಂಜುವನ್ನು ಕೇಳಿದ: "ಫೋನಲ್ಲಿ ಅವ್ವಿ ಹಿಂದೆ ಯಾಕೆ ಹೇಳ್ತಿದ್ದೆ?"

"ನಾ ಬಾಯೇ ಬಿಡ್ಲಿಲ್ಲ."

ಫೋನಿನಲ್ಲಿ ದನಿ ಮರಳಿ ಕೇಳುವುದುಂಟು ಎಂದು ಉದಯ ತಾನೇ ಹೇಳಿಕೊಂಡ.

ಹೊಸ ಬೋಲ್ಟ್ ಹಾಕಿಸಿದ ಮೇಲೆ ಮಂಜು ಕಲ್ಲಿನ ಲೋಡು ಇಳಿಸಲು ಹೋದ. ಚೌಡಮ್ಮ ಟ್ರೇಲರ್ ಹತ್ತಲಿಲ್ಲ. ಅಂಗಳದಲ್ಲಿ ನಿಂತು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಗುಡ್ಡದ ತಿರುವು ತಿರುವಿನಲ್ಲಿ ಟ್ರ್ಯಾಕ್ಟರ್ ಇಳಿಯುವುದನ್ನು ಕೇಳಿದಳು. ಒಂದೇ ದನಿ. ಸಮತಟ್ಟಾದ ರಸ್ತೆ ಸೇರುವವರೆಗೂ ಒಂದೇ ದನಿ.

"ಆತು" ಎಂದು ಒಳಗೆ ಹೋದಳು.