ಬಾಜು ಸೀಟಿನ ಟವಲು

ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಬೆಳಗಾವಿ ಗಾಡಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲು ಎಸೆದು ಸೀಟು ಹಿಡಿಯುವುದರಲ್ಲಿ ಬಾಳಪ್ಪನದು ಪಳಗಿದ ಕೈ. ಉದ್ಯಮಬಾಗದ ಫೌಂಡ್ರಿಗೆ ಹೋಗುವ ಈ ಮನುಷ್ಯ ತನಗಾಗಿ ಎಂದೂ ಹೀಗೆ ಓಡಿದವನಲ್ಲ. ಹೆಂಡತಿ ನಿಂಗವ್ವನಿಗೆ ಕ್ಯಾನ್ಸರ್ ಬಂದು, ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಲು ದಿನಾ ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಕಲಿತ ವಿದ್ಯೆ. ಇವನು ಮುಂದೆ ಓಡಿ ಟವಲು ಹಾಕುತ್ತಿದ್ದ, ಆಕೆ ಹಿಂದಿನಿಂದ ನಿಧಾನಕ್ಕೆ ಬರುತ್ತಿದ್ದಳು.

ಆ ಗಾಡಿಯಲ್ಲಿ ದಿನಾ ಓಡಾಡುವವರದೊಂದು ವಾಟ್ಸಾಪ್ ಗ್ರೂಪು. ಹಿಂದವಾಡಿಯ ಔಷಧದ ಅಂಗಡಿಯಲ್ಲಿ ದುಡಿಯುವ ಪ್ರಮಿಳಾ ಅದರ ಅಡ್ಮಿನ್, ಶಿಸ್ತಿನ ಹೆಂಗಸು. ಅವಳ ರೂಲ್ಸ್ ಎರಡು: ಗ್ರೂಪಿನಲ್ಲಿ ಗಾಡಿ ಸುದ್ದಿ ಬಿಟ್ಟು ಬೇರೇನೂ ಹಾಕಬಾರದು; ಗಾಡಿ ಹೊರಟ ಮೇಲೆ ಟವಲು ಎತ್ತಬೇಕು. ಬಾಳಪ್ಪ ಎರಡನ್ನೂ ಚಾಚೂ ತಪ್ಪದೆ ಪಾಲಿಸಿದವನು. ಎಷ್ಟೆಂದರೆ, ನಿಂಗವ್ವ ತೀರಿಕೊಂಡಾಗ ಗ್ರೂಪಿನಲ್ಲಿ ಹೇಳಲೂ ಇಲ್ಲ. ಅದು ಗಾಡಿ ಸುದ್ದಿಯಲ್ಲವಲ್ಲ.

ಮಣ್ಣು ಮಾಡಿ, ಬಂದ ಬೀಗರೆಲ್ಲ ಹೋದ ಮೇಲೆ ಮತ್ತೆ ಕೆಲಸಕ್ಕೆ ಹೊರಟ ದಿನ, ಕೈ ತನ್ನಷ್ಟಕ್ಕೆ ತಾನೇ ಟವಲು ಎಸೆಯಿತು. ಗಾಡಿ ಹೊರಟಿತು. ಬಾಜು ಸೀಟಿನ ಮೇಲಿದ್ದ ಟವಲು ಎತ್ತಬೇಕಿತ್ತು, ಮನಸ್ಸು ಬರಲಿಲ್ಲ. ಜನ ನಿಂತೇ ಇದ್ದರು.

ಪಕ್ಕದಲ್ಲೇ ನಿಂತಿದ್ದ, ಅದೇ ಗ್ರೂಪಿನ ಹುಡುಗ ಓಂಕಾರನಿಗೆ ಬಾಯಿರಲಿಲ್ಲವೇ? "ಕಾಕಾ, ಇದು ಯಾರ ಸೀಟು?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ, ಫೋಟೋ ತೆಗೆದು ಗ್ರೂಪಿಗೆ ಹಾಕಿದ. ಆಮೇಲೆ ಆಳಿಗೊಂದು ಕಲ್ಲು. 'ಟವಲಿಗೂ ಟಿಕೆಟ್ ತಗಿಸ್ಯಾರೇನ್ರಿ?' 'ಟವಲ್ ಸಾಹೇಬ್ರು ಯಾವ ಸ್ಟಾಪಿಗೆ ಇಳಿತಾರ?' ಕೊನೆಗೆ ಪ್ರಮಿಳಾ: 'ಬಾಳಪ್ಪಣ್ಣಾರ, ರೂಲ್ಸ್ ಎಲ್ಲಾರಿಗೂ ಒಂದ. ಇನ್ನೊಮ್ಮೆ ಆದ್ರ ಗ್ರೂಪಿನಿಂದ ತಗೀತೇನಿ.'

ಊಟದ ಹೊತ್ತಿನಲ್ಲಿ ಬಾಳಪ್ಪ ಒಂದೊಂದನ್ನೇ ಓದಿದ. ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು; ತಪ್ಪು ತನ್ನದೇ ಅಲ್ಲವೇ. ಅಕ್ಷರ ಹುಡುಕಿ ಹುಡುಕಿ ಬರೆದ: 'ತಪ್ಪಾತ್ರಿ. ನಿಂಗವ್ವ ಹೋದ್ಲು. ಗಾಡಿ ಸುದ್ದಿ ಅಲ್ಲಂತ ಹಾಕಿರಲಿಲ್ಲ. ನಾಳಿಂದ ಟವಲ್ ಹಾಕಂಗಿಲ್ಲ.'

ಸ್ವಲ್ಪ ಹೊತ್ತಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಓಂಕಾರ ಫೋಟೋ ಅಳಿಸಿದ.

ಮರುದಿನ ಬಾಳಪ್ಪ ಟವಲು ಹಾಕಲಿಲ್ಲ. ಗಾಡಿ ತುಂಬಿ ಬಾಗಿಲಿಗೆ ಜನ ಜೋತುಬಿದ್ದರೂ ಅವನ ಬಾಜು ಯಾರೂ ಕೂರಲಿಲ್ಲ. ಬಾಯಿಬಿಟ್ಟು ಒಂದು ಮಾತಾಡುವ ಬದಲು ಮರ್ಯಾದೆ ಕೊಡುತ್ತಿದ್ದರು. ದೇಸೂರು ಬರುವವರೆಗೆ ಅವನು ತಡೆದುಕೊಂಡ.

"ಯಾರರ ಕುಂದರ್ರಿ," ಎಂದ. "ಟವಲ್ ಇದ್ದಾಗ ಆಕಿ ಹಿಂದ ಬರಾಕತ್ತಾಳ ಅನಸ್ತಿತ್ತು. ಈಗ ಬರೇ ಖಾಲಿ ಕಾಣತೈತಿ. ನೋಡಾಕ ಆಗವಲ್ದು."

ಪ್ರಮಿಳಾ ಕಣ್ಣೊರೆಸಿಕೊಂಡಳು. "ಇರಲ್ರಿ ಅಣ್ಣಾರ, ಅದು ಅಕ್ಕಾರ ಜಾಗಾ," ಎಂದಳು. ಉದ್ಯಮಬಾಗ ಬರುವವರೆಗೂ ಎಲ್ಲರೂ ನಿಂತೇ ಇದ್ದರು.