ಕೋರಲಿ ದೊಡ್ಡಮ್ಮನ ಮಂಡಿನೋವು

ನಮ್ಮೂರ ಶಿಶುವಿಹಾರದಲ್ಲಿ ಕೋರಲಿ ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಇದ್ದಾಳೆ. ಅಳುವ ಮಗುವನ್ನು ಎತ್ತಿಕೊಳ್ಳುವುದು, ಮೂಗು ಒರೆಸುವುದು, ಜಡೆ ಹಾಕುವುದು ಎಲ್ಲ ಅವಳದೇ. ಅಡುಗೆಮನೆ ನನ್ನದು. ನಾವು ಮರಂಬಿಜಿ ನದಿಯ ದಂಡೆಯಲ್ಲಿ ಬಿಳಿಯರು ಬರುವ ಮೊದಲಿಂದಲೂ ಇರುವ ವಿರಾಜುರಿ ಜನ. ದೊಡ್ಡಮ್ಮ ಕಡಲ ಕಡೆಯ ಬೇರೆ ಬುಡಕಟ್ಟಿನವಳು. ನಾಲ್ಕು ವರ್ಷದವಳಿದ್ದಾಗ, ನಮ್ಮಂಥವರ ಮಕ್ಕಳನ್ನು ಬಿಳಿಯರ ಹಾಗೆ ಬೆಳೆಸುತ್ತೇವೆಂದು ಸರ್ಕಾರದವರು ತಾಯಿಯ ಮಡಿಲಿಂದ ಕಿತ್ತು ತಂದು ಇಲ್ಲಿನ ಅನಾಥಾಲಯಕ್ಕೆ ಹಾಕಿದರು. ತಾಯಿ ಬದುಕಿದ್ದ ಮಗುವಿಗೆ ಅನಾಥಾಲಯವಂತೆ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಪ್ರತಿ ಬೆಳಿಗ್ಗೆ ಮಕ್ಕಳು ಚಾಪೆಯ ಮೇಲೆ ದುಂಡಗೆ ಕೂತು, ನೆಲಕ್ಕೆ ಅಂಗೈ ಊರಿ, ಈ ನೆಲದ ಹಿರಿಯರನ್ನು ನೆನೆಯುತ್ತಾರೆ. ಆ ಹೊತ್ತಿಗೆ ದೊಡ್ಡಮ್ಮ ಮಾತ್ರ ಬಾಗಿಲ ಬಳಿ ನಿಂತಿರುತ್ತಿದ್ದಳು. ಯಾಕೆಂದು ಕೇಳಿದರೆ ಮಂಡಿನೋವು ಅನ್ನುತ್ತಿದ್ದಳು. ಉಳಿದ ದಿನವೆಲ್ಲ ಮಕ್ಕಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಎದ್ದು ಓಡಾಡುವವಳಿಗೆ ಅದೆಂಥ ಮಂಡಿನೋವೋ, ನಾನು ಕೆದಕಲಿಲ್ಲ.

ಹೋದ ವರ್ಷ, ಬಿಳಿಯರೂ ನಾವೂ ಮನಸ್ಸು ಕೂಡಿಸಿಕೊಳ್ಳಲೆಂದು ಊರೂರಲ್ಲಿ ಆಚರಿಸುವ ವಾರ ಬಂತು. ನಮ್ಮ ಮುಖ್ಯಸ್ಥೆ ಬ್ರಿಯೋನಿ ಬಿಳಿಯರ ಹುಡುಗಿ, ಒಳ್ಳೆಯವಳೇ, ಆದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಗೇಟಿಗೆ ದೊಡ್ಡ ಹಾಳೆ ಅಂಟಿಸಿಬಿಟ್ಟಳು: ‘ಶುಕ್ರವಾರ ನೆಲದ ಪರವಾಗಿ ಸ್ವಾಗತ ಕೋರುವವರು ಕೋರಲಿ ದೊಡ್ಡಮ್ಮ.’ ಯಾರನ್ನೂ ಒಂದು ಮಾತು ಕೇಳಲಿಲ್ಲ.

ಅದನ್ನು ಓದಿದ ದೊಡ್ಡಮ್ಮ ಸೀದಾ ಅಡುಗೆಮನೆಗೆ ಬಂದು ಏಪ್ರನ್ ಬಿಚ್ಚಿಟ್ಟಳು.

“ನಾಳೆಯಿಂದ ಬರಲ್ಲ ಕಣೇ. ಬಾ ಅಂತ ಕರೆಯೋಕೆ ಮನೆ ನಮ್ಮದಾಗಿರ್ಬೇಕು. ನಾನೇ ಇಲ್ಲಿ ಹೊರಗಿನವಳು. ನಿಮ್ಮತ್ತೆ ನೋಡಿದ್ರೆ ನನ್ನ ಮುಖ ಎಲ್ಲಿಡ್ಲಿ?”

ನನ್ನ ಸೋದರತ್ತೆ ಡಲ್ಸಿ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಈ ನೆಲಕ್ಕೆ ಬಾ ಅನ್ನುವ ಹಕ್ಕು ಅವಳದು. ನಾನು ಬ್ರಿಯೋನಿಯ ಕೋಣೆಗೆ ನುಗ್ಗಿದೆ.

“ದೊಡ್ಡಮ್ಮನೂ ನಿಮ್ಮವರೇ ಅಲ್ವಾ?” ಅಂದಳು ಅವಳು.

“ನಿನ್ನಜ್ಜಿ ಸ್ಕಾಟ್ಲೆಂಡಿನವಳು ತಾನೆ? ಇಬ್ಬರೂ ಬಿಳಿಯರೇ ಅಂತ ಇಟಲಿಯವರ ಮನೆ ಮದುವೆಗೆ ಹೋಗಿ, ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತಾಳಾ?”

ಬ್ರಿಯೋನಿ ನಾಲಿಗೆ ಕಚ್ಚಿಕೊಂಡಳು. ಹಾಳೆ ಕಿತ್ತಳು. ಸಂಜೆ ದೊಡ್ಡಮ್ಮನನ್ನೂ ಕರೆದುಕೊಂಡು ಮೂವರೂ ಅತ್ತೆಯ ಮನೆಗೆ ಹೋದೆವು. ಅತ್ತೆ ಜಗಲಿಯಲ್ಲಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು.

“ತಪ್ಪಾಯ್ತು ಅಜ್ಜಿ. ನಿಮ್ಮನ್ನ ಕೇಳ್ದೆ ಬರೆದುಬಿಟ್ಟೆ,” ಅಂದಳು ಬ್ರಿಯೋನಿ.

“ಶಿಶುವಿಹಾರ ಕಟ್ಟಿ ಮೂವತ್ತು ವರ್ಷ ಆಯ್ತು. ನಮ್ಮನೆ ದಾರಿ ಇವತ್ತು ಸಿಕ್ತಾ?” ಅಂದ ಅತ್ತೆ ಗೇಟಿನ ಕಡೆ ನೋಡಿದಳು. “ಕೋರಲಿ, ನೀನ್ಯಾಕೆ ರಸ್ತೇಲೇ ನಿಂತೆ?”

“ನೀನು ಕರೀಲಿಲ್ವಲ್ಲಕ್ಕ.”

“ಅದಕ್ಕೂ ಕರೀಬೇಕಾ?”

“ಅರವತ್ತು ವರ್ಷ ಆಯ್ತು ಇಲ್ಲಿಗೆ ಬಂದು. ಬಾ ಅಂತ ಯಾರೂ ಅಂದಿಲ್ಲ.”

ದೊಡ್ಡಮ್ಮ ಸಿಟ್ಟಿನಿಂದ ಹೇಳಲಿಲ್ಲ. ಅತ್ತೆಯ ಕೈಯಲ್ಲಿ ಚಾಕು ನಿಂತುಹೋಯಿತು. ನನಗೂ ತಲೆ ಎತ್ತಲಾಗಲಿಲ್ಲ. ದಿನಾ ಅವಳ ಜೊತೆ ಚಹಾ ಕುಡಿದವಳು ನಾನು.

“ಶುಕ್ರವಾರ ಬರ್ತೀನಿ,” ಅಂದಳು ಅತ್ತೆ.

ಬಂದಳು. ಅಂಗಳದಲ್ಲಿ ನೀಲಗಿರಿ ಮರದ ಹಸಿ ಎಲೆಗೆ ಬೆಂಕಿ ಕೊಟ್ಟು ಹೊಗೆ ಎಬ್ಬಿಸಿದಳು. ಹೊಗೆ ಸೋಕಿಸಿ ಬರಮಾಡಿಕೊಳ್ಳುವುದು ನಮ್ಮ ಪದ್ಧತಿ. ಮಕ್ಕಳೂ ಅಪ್ಪ ಅಮ್ಮಂದಿರೂ ಸಾಲುಗಟ್ಟಿದ್ದರು.

“ನೀವೆಲ್ಲ ತಡೀರಿ. ಕೋರಲಿ, ಮೊದಲು ನೀನು.”

ದೊಡ್ಡಮ್ಮ ಅಳುಕುತ್ತ ಮುಂದೆ ಬಂದಳು. ಅತ್ತೆ ಎಲೆಯ ಕೊಂಬೆಯಿಂದ ಅವಳ ತಲೆಗೆ, ತೋಳಿಗೆ ಹೊಗೆ ಬೀಸಿದಳು. ನಮ್ಮ ಮಾತಿನಲ್ಲಿ ಹೇಳಿ, ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದಳು: “ನಿನ್ನನ್ನ ಕಿತ್ತು ತಂದವರು ನಾವಲ್ಲ. ಆದ್ರೆ ಬಾ ಅನ್ನಬೇಕಾಗಿದ್ದವರು ನಾವೇ. ತಡ ಮಾಡ್ಬಿಟ್ಟೆ ತಂಗೀ. ಬಾ.”

ದೊಡ್ಡಮ್ಮ ಅತ್ತೆಯ ಹೆಗಲಿಗೆ ತಲೆಯಿಟ್ಟು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಕೇಳಿದವರಿಗೆ ಹೊಗೆ ಅಂದೆ.

ಸೋಮವಾರ ಬೆಳಿಗ್ಗೆ ನಾನು ಹಣ್ಣಿನ ತಟ್ಟೆ ಹಿಡಿದು ಬಂದಾಗ ಬಾಗಿಲ ಬಳಿ ಯಾರೂ ಇರಲಿಲ್ಲ. ದೊಡ್ಡಮ್ಮ ಚಾಪೆಯ ಮೇಲೆ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

“ದೊಡ್ಡಮ್ಮ, ಮಂಡಿನೋವು ಹೋಯ್ತಾ?” ಪುಟ್ಟ ಕೈಲಾ ಕೇಳಿದಳು.

“ಹೋಯ್ತು ಮಗಾ. ಸ್ವಲ್ಪ ಸರ್ಕೋ, ಕೈ ಊರೋಕೆ ಜಾಗ ಬೇಕು.”